ಬಡಾವಣೆ ಸಂಘದ ಹೆಸರು ಯಾರ ಸೊತ್ತು?

ಚಿಕ್ಕಮಗಳೂರಿನ ಪೌರಾಯುಕ್ತರ ಮೇಜಿನ ಮೇಲೆ ಒಂದೇ ಬಡಾವಣೆಯಿಂದ ಎರಡು ಮನವಿ ಬಂದಿವೆ ಎಂದಿಟ್ಟುಕೊಳ್ಳಿ. ಎರಡರ ಲೆಟರ್‌ಹೆಡ್ಡಿನಲ್ಲೂ ಹೆಚ್ಚೂಕಡಿಮೆ ಒಂದೇ ಹೆಸರು. ಒಂದರಲ್ಲಿ ‘ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ’, ಇನ್ನೊಂದರಲ್ಲಿ ‘ನಾಗರಿಕರ ಕ್ಷೇಮಾಭಿವೃದ್ಧಿ ಸಂಘ’. ಪಾರ್ಕಿನ ಮೂಲೆಯಲ್ಲಿ ಗಣಪತಿ ಗುಡಿಗೆ ಜಾಗ ಕೊಡಿ ಅಂತ ಒಬ್ಬರು ಕೇಳಿದ್ದಾರೆ. ಪಾರ್ಕು ಪಾರ್ಕಾಗಿಯೇ ಇರಲಿ ಅಂತ ಇನ್ನೊಬ್ಬರು. ಎರಡರ ಕೆಳಗೂ ನೇರಳೆ ಬಣ್ಣದ ದುಂಡು ಸೀಲು, ಅಧ್ಯಕ್ಷರ ಸಹಿ, ಕಾರ್ಯದರ್ಶಿ ಸಹಿ. ಇಂಥ ಕಡೆ ಅಧಿಕಾರಿಗಳು ಸಾಮಾನ್ಯವಾಗಿ ಏನು ಮಾಡುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ಎರಡನ್ನೂ ಫೈಲಿಗೆ ಸೇರಿಸಿ, ‘ಮೊದಲು ನಿಮ್ಮಲ್ಲೇ ಒಮ್ಮತ ಮಾಡ್ಕೊಂಡು ಬನ್ನಿ’ ಅಂತ ಕಳಿಸುತ್ತಾರೆ. ಅಷ್ಟರಲ್ಲಿ ಪಾರ್ಕಿನಲ್ಲಿ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿರುತ್ತದೆ.

ಹೆಸರಿನ ಜಗಳ ಅಂದರೆ ಮೇಲ್ನೋಟಕ್ಕೆ ಪ್ರತಿಷ್ಠೆಯ ಜಗಳ. ಆದರೆ ಈಗೀಗ ಆ ಹೆಸರಿಗೆ ಬೆಲೆ ಜಾಸ್ತಿಯಾಗಿದೆ. ಹಾಸನ, ಚಿಕ್ಕಮಗಳೂರು ಎರಡೂ ಊರು ನಾಲ್ಕೂ ದಿಕ್ಕಿಗೆ ಬೆಳೆಯುತ್ತಿವೆ. ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆ, ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ ಬಡಾವಣೆ, ಖಾಸಗಿಯವರ ಲೇಔಟು, ಯಾವ ಮಂಜೂರಾತಿಯೂ ಇಲ್ಲದ ರೆವಿನ್ಯೂ ಸೈಟು, ಎಲ್ಲ ಒಂದರ ಪಕ್ಕ ಒಂದು. 2025ರ ಫೆಬ್ರವರಿಯಲ್ಲಿ ಸರ್ಕಾರ ಅನಧಿಕೃತ ಬಡಾವಣೆಯ ಆಸ್ತಿಗಳಿಗೂ ಖಾತೆ ಕೊಡುವ ಬಿ-ಖಾತಾ ಅಭಿಯಾನ ಶುರು ಮಾಡಿದ ಮೇಲೆ ಖಾತೆ, ರಸ್ತೆ, ಚರಂಡಿ ಅಂತ ಒಟ್ಟಾಗಿ ಓಡಾಡುವ ಕೆಲಸವೂ ಹೆಚ್ಚಿತು. ಬಡಾವಣೆಯಲ್ಲಿ ಸಿಎ ನಿವೇಶನ (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಇದ್ದರೆ ಅದನ್ನು ಕೇಳಲು ನೋಂದಣಿಯಾದ ಸಂಸ್ಥೆಯೇ ಬೇಕು. ಬ್ಯಾಂಕ್ ಖಾತೆ ತೆರೆಯಲು, ಪಾನ್ ಕಾರ್ಡಿಗೆ, ಶಾಸಕರ ಅನುದಾನಕ್ಕೆ ಪತ್ರ ಬರೆಯಲು, ಎಲ್ಲದಕ್ಕೂ ಹೆಸರು ಬೇಕು. ಆ ಹೆಸರು ಕಾನೂನಿನ ಕಣ್ಣಲ್ಲಿ ಯಾರದು?

ಮೊದಲು ನೋಂದಣಿ ನೋಡೋಣ. ನಮ್ಮಲ್ಲಿ ಬಡಾವಣೆ ಸಂಘಗಳು ಬಹುತೇಕ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗುತ್ತವೆ. ಕಾಯ್ದೆ ಕೇಳುವುದು ಏಳು ಜನ ವಯಸ್ಕರನ್ನು. ಏಳೇ. ಬಡಾವಣೆಯಲ್ಲಿ ನಾನೂರು ಮನೆ ಇರಲಿ, ನಾಲ್ಕು ಸಾವಿರ ಮನೆ ಇರಲಿ, ಏಳು ಜನ ಸಹಿ ಹಾಕಿ, ಬೈಲಾ ಬರೆದು, ಶುಲ್ಕ ಕಟ್ಟಿದರೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಪ್ರಮಾಣಪತ್ರ ಕೊಡುತ್ತಾರೆ. ಉಳಿದ ಮನೆಯವರು ಒಪ್ಪಿದ್ದಾರಾ ಅಂತ ಮನೆ ಮನೆಗೆ ಹೋಗಿ ಕೇಳುವ ಕೆಲಸ ಅವರದ್ದಲ್ಲ.

ಅವರು ನೋಡಬೇಕಾದ ಒಂದು ವಿಷಯ ಮಾತ್ರ ಇದೆ. ಈಗಾಗಲೇ ಇರುವ ಸಂಘದ ಹೆಸರನ್ನೇ, ಅಥವಾ ಜನರನ್ನು ದಾರಿ ತಪ್ಪಿಸುವಷ್ಟು ಅದನ್ನು ಹೋಲುವ ಹೆಸರನ್ನು, ಇನ್ನೊಂದು ಸಂಘಕ್ಕೆ ಕೊಡಬಾರದು. ಕಾಗದದ ಮೇಲೆ ಇದು ಗಟ್ಟಿ ರಕ್ಷಣೆ. ಕಚೇರಿಯಲ್ಲಿ ಇದು ಸಡಿಲ. ‘ನಿವಾಸಿಗಳ’ ತೆಗೆದು ‘ನಾಗರಿಕರ’ ಅಂತ ಹಾಕಿದರೆ, ಹೆಸರಿನ ಕೊನೆಗೆ ‘ಟ್ರಸ್ಟ್’ ಅಂತ ಸೇರಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ಮಾಡಿಸಿದರೆ, ಇಲ್ಲಾ ‘2ನೇ ಹಂತ’ ಅಂತ ಬಾಲ ಅಂಟಿಸಿದರೆ, ಹೆಸರು ಬೇರೆಯೇ ಅಂತ ವಾದಿಸಬಹುದು. ಸಂಘಕ್ಕೊಂದು ರಿಜಿಸ್ಟರ್, ಟ್ರಸ್ಟಿಗೊಂದು, ಸಹಕಾರ ಸಂಘಕ್ಕೊಂದು, ಕಂಪನಿಗೊಂದು. ಒಂದು ರಿಜಿಸ್ಟರಿನಲ್ಲಿರುವ ಹೆಸರು ಇನ್ನೊಂದರ ಮುಂದೆ ಕೂತ ಗುಮಾಸ್ತರಿಗೆ ಕಾಣುವುದಿಲ್ಲ. ಹಾಗಾಗಿ ‘ನಮ್ಮದು ರಿಜಿಸ್ಟರ್ಡ್ ಸಂಘ, ಹೆಸರು ನಮ್ಮದೇ’ ಅನ್ನೋದು ಅರ್ಧ ನಿಜ. ನೋಂದಣಿ ಸಂಘಕ್ಕೊಂದು ಕಾನೂನಿನ ಅಸ್ತಿತ್ವ ಕೊಡುತ್ತದೆ. ಆ ಹೆಸರನ್ನು ಬೇರೆ ಯಾರೂ ಎಲ್ಲೂ ಬಳಸದಂತೆ ತಡೆಯುವ ಪೂರ್ತಿ ಹಕ್ಕು ಅದರ ಜೊತೆ ತಾನಾಗಿ ಬರುವುದಿಲ್ಲ.

ಇನ್ನೊಂದು ತೊಡಕು ಹೆಸರಿನ ಒಳಗೇ ಇದೆ. ಹಾಸನದಲ್ಲಿ ಕುವೆಂಪುನಗರ ಇದೆ, ಮೈಸೂರಿನಲ್ಲೂ ಇದೆ. ಚಿಕ್ಕಮಗಳೂರಿನಲ್ಲಿ ಜಯನಗರ ಇದೆ, ಬೆಂಗಳೂರಿನದ್ದಂತೂ ಕೇಳುವುದೇ ಬೇಡ. ವಿದ್ಯಾನಗರ ಇಲ್ಲದ ಊರು ಕರ್ನಾಟಕದಲ್ಲಿ ಹುಡುಕಬೇಕು. ಬಡಾವಣೆಯ ಹೆಸರು ಆ ಜಾಗದ ಹೆಸರು. ಅಲ್ಲಿ ವಾಸಿಸುವ ಯಾರೂ ಅದನ್ನು ಬಳಸಬಹುದು. ಅಲ್ಲಿನ ಬೇಕರಿಯವನು ಬಳಸಬಹುದು, ಟೈಲರ್ ಬಳಸಬಹುದು, ಕ್ರಿಕೆಟ್ ತಂಡ ಬಳಸಬಹುದು. ‘ನಿವಾಸಿಗಳ ಸಂಘ’ ಅನ್ನುವ ಭಾಗ ಬರೀ ವಿವರಣೆ. ಸ್ಥಳದ ಹೆಸರಿಗೆ ವಿವರಣೆ ಜೋಡಿಸಿದರೆ ಬರುವ ಹೆಸರು ಕಾನೂನಿನಲ್ಲಿ ತೀರಾ ದುರ್ಬಲ. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಹೇಳುವುದೂ ಅದನ್ನೇ. ಬರೀ ಸ್ಥಳವನ್ನೋ ಸೇವೆಯ ಬಗೆಯನ್ನೋ ಸೂಚಿಸುವ ಗುರುತಿಗೆ ನೋಂದಣಿ ಇಲ್ಲ, ಬಳಕೆಯಿಂದ ಅದಕ್ಕೆ ಬೇರೆಯದೇ ಗುರುತು ಬಂದಿದೆ ಅಂತ ತೋರಿಸಿದರೆ ಮಾತ್ರ ಉಂಟು.

ಊರಿನ ಹೆಸರಿಗೂ ರಕ್ಷಣೆ ಸಿಗುತ್ತದಲ್ಲ ಅಂತ ನಮ್ಮ ಕಾಫಿ ಬೆಳೆಗಾರರು ಕೇಳಬಹುದು. ನಿಜ, ಚಿಕ್ಕಮಗಳೂರು ಅರೇಬಿಕಾಗೆ, ಬಾಬಾಬುಡನ್‌ಗಿರಿ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂತು. ಆದರೆ ಅದು ಆ ಮಣ್ಣಿನಲ್ಲಿ ಬೆಳೆದ ಸರಕಿಗೆ ಸಿಗುವ ರಕ್ಷಣೆ. ಕಾಫಿ ಮಂಡಳಿ ಅರ್ಜಿ ಹಾಕಿತ್ತು ಅಂದ ಮಾತ್ರಕ್ಕೆ ಹೆಸರು ಮಂಡಳಿಯ ಖಾಸಗಿ ಸ್ವತ್ತಾಗಲಿಲ್ಲ. ಆ ಪ್ರದೇಶದ ಬೆಳೆಗಾರರಿಗೆಲ್ಲ ಅದರಲ್ಲಿ ಪಾಲಿದೆ. ಬಡಾವಣೆ ಸಂಘಕ್ಕೆ ಆ ಕಾಯ್ದೆ ಅನ್ವಯವಾಗುವುದಿಲ್ಲ.

ಹಾಗಾದರೆ ದುರ್ಬಲ ಹೆಸರಿನ ಸಂಘಕ್ಕೆ ಏನೂ ಹಕ್ಕಿಲ್ಲವಾ? ಇದೆ. ಅದು ಬರುವುದು ಬಳಕೆಯಿಂದ. ವಕೀಲರು ಇದಕ್ಕೆ ‘ಪಾಸಿಂಗ್ ಆಫ್’ ಅನ್ನುತ್ತಾರೆ. ಒಬ್ಬರು ವರ್ಷಗಟ್ಟಲೆ ಗಳಿಸಿದ ಹೆಸರನ್ನು ಇನ್ನೊಬ್ಬರು ತಮ್ಮದೇ ಅಂತ ಜನರನ್ನು ನಂಬಿಸಿ ಲಾಭ ಮಾಡಿಕೊಂಡರೆ ಕೋರ್ಟು ತಡೆಯುತ್ತದೆ. ಇದಕ್ಕೆ ಟ್ರೇಡ್ ಮಾರ್ಕ್ ನೋಂದಣಿ ಬೇಕಿಲ್ಲ. ಕಾಯ್ದೆಯ 27(2)ನೇ ಸೆಕ್ಷನ್ ಈ ಹಕ್ಕನ್ನು ಹಾಗೇ ಉಳಿಸಿದೆ. ಮೂರು ಸಂಗತಿ ತೋರಿಸಬೇಕು. ಆ ಹೆಸರು ಕೇಳಿದರೆ ಜನ ನಮ್ಮನ್ನೇ ನೆನೆಯುತ್ತಾರೆ, ಎದುರಿನವರ ಬಳಕೆಯಿಂದ ಜನ ಮೋಸ ಹೋಗುತ್ತಿದ್ದಾರೆ ಅಥವಾ ಹೋಗಬಹುದು, ಅದರಿಂದ ನಮಗೆ ನಷ್ಟ.

2001ರಲ್ಲಿ ಸುಪ್ರೀಂ ಕೋರ್ಟ್ ಲಕ್ಷ್ಮೀಕಾಂತ್ ಪಟೇಲ್ ಪ್ರಕರಣದಲ್ಲಿ ಈ ವಿಷಯ ಚೆನ್ನಾಗಿ ಬಿಡಿಸಿ ಹೇಳಿತು. ಅಹಮದಾಬಾದಿನಲ್ಲಿ ಒಬ್ಬರು ‘ಮುಕ್ತಜೀವನ್’ ಹೆಸರಿನಲ್ಲಿ ಫೋಟೊ ಸ್ಟುಡಿಯೊ, ಕಲರ್ ಲ್ಯಾಬ್ ನಡೆಸುತ್ತಿದ್ದರು. ಇನ್ನೊಬ್ಬರು ಅದೇ ಹೆಸರನ್ನು ತಮ್ಮ ಲ್ಯಾಬಿಗೂ ಜೋಡಿಸಿಕೊಳ್ಳಲು ಹೊರಟರು. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ತಡೆಯಾಜ್ಞೆ ಕೊಡಲಿಲ್ಲ. ಸುಪ್ರೀಂ ಕೋರ್ಟ್ ಕೊಟ್ಟಿತು.

‘ಅದು ವ್ಯಾಪಾರ, ನಮ್ಮದು ಸೇವೆ, ಲಾಭ ನಷ್ಟದ ಮಾತೇ ಇಲ್ಲ’ ಅಂತ ಪ್ರತಿಸ್ಪರ್ಧಿ ಸಂಘ ವಾದಿಸುವುದು ಖಂಡಿತ. ಇದಕ್ಕೆ ಹಳೆಯದೊಂದು ಉತ್ತರ ಇಂಗ್ಲೆಂಡಿನಲ್ಲಿ ಸಿಗುತ್ತದೆ. ಮಾಜಿ ಸೈನಿಕರ ಸಂಸ್ಥೆ ಬ್ರಿಟಿಷ್ ಲೀಜನ್. ಸ್ಟ್ರೀಟ್ ಅನ್ನುವ ಊರಿನಲ್ಲಿ ಒಂದು ಕ್ಲಬ್ಬು ‘ಬ್ರಿಟಿಷ್ ಲೀಜನ್ ಕ್ಲಬ್ (ಸ್ಟ್ರೀಟ್)’ ಅಂತ ಹೆಸರಿಟ್ಟುಕೊಂಡಿತು. 1931ರಲ್ಲಿ ಕೋರ್ಟು ಅದನ್ನು ತಡೆಯಿತು. ಲೀಜನ್ ವ್ಯಾಪಾರ ಮಾಡುವ ಸಂಸ್ಥೆಯಲ್ಲ. ಆದರೂ ಕ್ಲಬ್ಬು ಲೀಜನ್‌ನದೇ ಶಾಖೆ ಅಂತ ಜನ ನಂಬಿದರೆ, ಅಲ್ಲಿ ಏನಾದರೂ ಹೆಚ್ಚುಕಡಿಮೆಯಾದಾಗ ಕೆಟ್ಟ ಹೆಸರು ಲೀಜನ್‌ಗೆ ಬರುತ್ತದೆ ಅನ್ನುವುದು ಸಾಕಾಯಿತು. ಇಂಗ್ಲಿಷ್ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಪಾಸಿಂಗ್ ಆಫ್ ಅನ್ನುವ ಕಾನೂನೇ ನಮಗೆ ಅಲ್ಲಿಂದ ಬಂದದ್ದು. ಹಾಗಾಗಿ ವಕೀಲರು ಇಂಥ ತೀರ್ಪನ್ನು ಧೈರ್ಯವಾಗಿ ಮುಂದಿಡಬಹುದು.

ಬಡಾವಣೆಯ ಮಟ್ಟದಲ್ಲಿ ನಷ್ಟ ಅಂದರೆ ಏನು? ರಸೀದಿ ಪುಸ್ತಕ ನೋಡಿ, ಗೊತ್ತಾಗುತ್ತದೆ. ಗಣೇಶ ಹಬ್ಬಕ್ಕೆ ಹದಿನೈದು ದಿನ ಮುಂಚೆ ಒಂದು ತಂಡ ಬಂದು ಐನೂರು ರೂಪಾಯಿ ಚಂದಾ ಬರೆಸಿಕೊಂಡು ಹೋಗುತ್ತದೆ. ರಸೀದಿಯ ತಲೆಯ ಮೇಲೆ ಸಂಘದ ಹೆಸರು, ಕೆಳಗೆ ಸೀಲು. ಮಾರನೇ ಭಾನುವಾರ ಇನ್ನೊಂದು ತಂಡ ಬರುತ್ತದೆ. ‘ಮೊನ್ನೆ ಕೊಟ್ವಲ್ಲ’ ಅಂದರೆ, ‘ಅವರು ನಾವಲ್ಲ ಆಂಟಿ, ನಮ್ದು ಒರಿಜಿನಲ್ಲು’ ಅಂತ ಉತ್ತರ. ಆ ಎರಡು ರಸೀದಿಗಳನ್ನು ಪಕ್ಕಪಕ್ಕ ಇಟ್ಟರೆ ಅದೇ ಸಾಕ್ಷಿ. ಜನ ಗೊಂದಲಕ್ಕೆ ಬಿದ್ದಿದ್ದಾರೆ, ಹಣ ಬೇರೆ ಕಡೆ ಹೋಗಿದೆ. ನೀರಿನ ಟ್ಯಾಂಕರಿಗೆ, ಸಿಸಿ ಕ್ಯಾಮೆರಾಗೆ, ಕಾವಲುಗಾರರಿಗೆ ಅಂತ ತಿಂಗಳು ತಿಂಗಳು ಹಣ ಎತ್ತುವ ಬಡಾವಣೆಯಲ್ಲಂತೂ ಇದು ಸಣ್ಣ ಮೊತ್ತವಲ್ಲ.

ಆದ್ದರಿಂದ ಕೋರ್ಟಿನಲ್ಲಿ ಹೆಸರನ್ನು ಕಾಪಾಡುವುದು ಪ್ರಮಾಣಪತ್ರ ಒಂದೇ ಅಲ್ಲ. ಹತ್ತು ವರ್ಷದ ಹಳೆ ರಸೀದಿ ಪುಸ್ತಕದ ಕಾರ್ಬನ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ನಗರಸಭೆ ಸಂಘಕ್ಕೆ ಬರೆದ ಉತ್ತರ, ಸೆಸ್ಕ್‌ಗೋ ಮೆಸ್ಕಾಂಗೋ ಕೊಟ್ಟ ಮನವಿಯ ಸ್ವೀಕೃತಿ, ರಾಜ್ಯೋತ್ಸವದ ಕರಪತ್ರ, ಸ್ಥಳೀಯ ಪತ್ರಿಕೆಯಲ್ಲಿ ಬಂದ ಎರಡು ಸಾಲಿನ ಸುದ್ದಿ. ನಮ್ಮ ಸಂಘಗಳು ಇವನ್ನೇ ಮೊದಲು ರದ್ದಿಗೆ ಹಾಕುವುದು. ಕಾರ್ಯದರ್ಶಿ ಮನೆ ಬದಲಾಯಿಸಿದರೆ ಹಳೆ ಫೈಲು ಕೂಡ ಅವರ ಜೊತೆ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತದೆ.

ಈಗ ಒಡಕಿನ ವಿಷಯ. ಹೆಸರಿನ ಜಗಳ ಹೆಚ್ಚಾಗಿ ಹೊರಗಿನವರಿಂದ ಬರುವುದಿಲ್ಲ, ಒಳಗಿಂದಲೇ ಬರುತ್ತದೆ. ಚುನಾವಣೆಯಲ್ಲಿ ಸೋತ ಮಾಜಿ ಅಧ್ಯಕ್ಷರು ಸೀಲು, ನಡಾವಳಿ ಪುಸ್ತಕ, ಚೆಕ್ ಬುಕ್ಕು ಕೊಡುವುದಿಲ್ಲ. ‘ಈ ಸಂಘ ಹುಟ್ಟುಹಾಕಿದ್ದೇ ನಾನು’ ಅನ್ನುತ್ತಾರೆ. ಹುಟ್ಟುಹಾಕಿರಬಹುದು, ಪಾಪ, ಬಿಸಿಲಲ್ಲಿ ಓಡಾಡಿಯೂ ಇರಬಹುದು. ಆದರೆ ಕಾನೂನು ಇಲ್ಲಿ ಸ್ಪಷ್ಟ. ಹೆಸರು, ಹಣ, ದಾಖಲೆ ಎಲ್ಲವೂ ಸಂಘದ್ದು. ಸ್ಥಾಪಕರದ್ದಲ್ಲ, ಪದಾಧಿಕಾರಿಗಳದ್ದೂ ಅಲ್ಲ. ಸಂಘ ವಿಸರ್ಜನೆಯಾದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ. ಅಂದ ಮೇಲೆ ಬಿಟ್ಟು ಹೋಗುವವರಿಗೆ ಹೆಸರಿನಲ್ಲಿ ಪಾಲು ಎಲ್ಲಿಂದ ಬರಬೇಕು? ನೂರರಲ್ಲಿ ಅರವತ್ತು ಜನ ಎದ್ದು ಹೋಗಿ ಹೊಸ ಸಂಘ ಮಾಡಿದರೂ ಹಳೆ ಹೆಸರು ಅವರ ಹಿಂದೆ ಹೋಗುವುದಿಲ್ಲ. ಆ ಅರವತ್ತು ಜನ ಒಳಗೇ ಇದ್ದು ಸರ್ವಸದಸ್ಯರ ಸಭೆಯಲ್ಲಿ ಗೆದ್ದರೆ ಸಂಘವೇ ಅವರ ಕೈಗೆ ಬರುತ್ತದೆ. ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕಿ ಹೊರಗೆ ಬಂದವರು ಈ ಲೆಕ್ಕ ಹಾಕಿರುವುದಿಲ್ಲ.

ಇಲ್ಲಿ ಒಂದು ಸಣ್ಣ ಕಾಗದ ದೊಡ್ಡ ಕೆಲಸ ಮಾಡುತ್ತದೆ. ವಾರ್ಷಿಕ ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಬಹಳಷ್ಟು ಸಂಘಗಳು ಮೊದಲ ವರ್ಷ ಕೊಡುತ್ತವೆ, ಆಮೇಲೆ ಮರೆತುಬಿಡುತ್ತವೆ. ಜಗಳ ಬಂದಾಗ ಬ್ಯಾಂಕಿನವರು ಕೇಳುವುದು ಈ ಪಟ್ಟಿಯ ದೃಢೀಕೃತ ನಕಲನ್ನೇ. ಆರು ವರ್ಷದಿಂದ ಪಟ್ಟಿಯೇ ಹೋಗಿಲ್ಲ ಅಂದರೆ ದಾಖಲೆಯ ಪ್ರಕಾರ ಅಧ್ಯಕ್ಷರು ಯಾರು? ಆರು ವರ್ಷದ ಹಿಂದಿನವರು. ಅವರಲ್ಲಿ ಒಬ್ಬರು ತೀರಿಕೊಂಡೂ ಇರಬಹುದು. ನಗರಸಭೆ, ಪ್ರಾಧಿಕಾರಗಳು ಕೂಡ ಸಂಘದ ಮನವಿ ತೆಗೆದುಕೊಳ್ಳುವಾಗ ನೋಂದಣಿ ಸಂಖ್ಯೆ, ಆ ವರ್ಷದ ಪಟ್ಟಿ ಎರಡನ್ನೂ ಕೇಳುವ ರೂಢಿ ಇಟ್ಟುಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಜಗಳ ಬಿಡಿಸಲು ನೋಂದಣಾಧಿಕಾರಿಯ ಹತ್ತಿರ ಹೋಗಬಹುದಾ? ಹೋಗಬಹುದು, ಒಂದು ಮಿತಿಯವರೆಗೆ. 1960ರ ಸಂಘಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಆಡಳಿತ ಮಂಡಳಿಯ ಬಹುಮತ ಅಥವಾ ಸದಸ್ಯರಲ್ಲಿ ಮೂರನೇ ಒಂದು ಭಾಗ ಕೇಳಿದರೆ ಸಂಘದ ವ್ಯವಹಾರದ ವಿಚಾರಣೆ ನಡೆಯಬೇಕು. ತಾವಾಗಿಯೂ ಅವರು ವಿಚಾರಣೆ ಮಾಡಬಹುದು. ಆದರೆ ಯಾರ ಆಯ್ಕೆ ಸರಿ, ಯಾರದು ಸುಳ್ಳು ಅಂತ ಕೊನೆಯ ಮಾತು ಹೇಳುವುದು ಸಿವಿಲ್ ಕೋರ್ಟು. ಪಾಸಿಂಗ್ ಆಫ್ ಅಂತ ದಾವೆ ಹೂಡುವುದಾದರೆ ಟ್ರೇಡ್ ಮಾರ್ಕ್ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಅದು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ನಡೆಯುವುದಿಲ್ಲ.

ನೋಂದಣಿಯೇ ಆಗದ ಸಂಘಗಳ ಕಥೆ ಇನ್ನೂ ಕಷ್ಟ. ಹಳೆ ಬಡಾವಣೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷದಿಂದ ಹೆಸರು ನಡೆಯುತ್ತಿದೆ, ಪ್ರವೇಶದ ಕಮಾನಿನ ಮೇಲೂ ಬರೆದಿದೆ, ಆದರೆ ಕಾಗದ ಇಲ್ಲ. ಇಂಥ ಸಂಘ ತನ್ನ ಹೆಸರಿನಲ್ಲಿ ದಾವೆ ಹೂಡುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 8ರ ಪ್ರಕಾರ ಕೆಲವರು ಎಲ್ಲರ ಪರವಾಗಿ ಕೋರ್ಟಿನ ಅನುಮತಿ ಪಡೆದು ಹೋಗಬೇಕು. ಈ ಮಧ್ಯೆ ಹೊಸಬರು ಏಳು ಜನ ಅದೇ ಹೆಸರನ್ನು ನೋಂದಣಿ ಮಾಡಿಸಿದರೆ ಪ್ರಮಾಣಪತ್ರ ಅವರ ಕೈಯಲ್ಲಿ, ಇತಿಹಾಸ ಇವರ ಕೈಯಲ್ಲಿ. ಹಳಬರು ಗೆಲ್ಲಬಹುದು, ಮೊದಲ ಬಳಕೆಗೆ ಬೆಲೆ ಇದೆ. ಆದರೆ ಅದಕ್ಕೆ ಹಿಡಿಯುವ ಕಾಲ, ವಕೀಲರ ಫೀಸು ಎರಡೂ ನೋಂದಣಿ ಶುಲ್ಕದ ಎಷ್ಟೋ ಪಟ್ಟು.

ಅಪಾರ್ಟ್‌ಮೆಂಟುಗಳಲ್ಲಿ ಜಗಳದ ಮುಖವೇ ಬೇರೆ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಅವು ಈಗಷ್ಟೇ ತಲೆ ಎತ್ತುತ್ತಿವೆ. ಅಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಬರುತ್ತದೆ. ಘೋಷಣಾ ಪತ್ರ ನೋಂದಣಿಯಾಗಬೇಕು, ಅದರ ಜೊತೆ ಬೈಲಾ ಇರಬೇಕು. ಅರ್ಧಕ್ಕಿಂತ ಹೆಚ್ಚು ಮನೆ ಬುಕ್ ಆದ ಮೂರು ತಿಂಗಳೊಳಗೆ ಮಾಲೀಕರ ಸಂಘ ಆಗುವಂತೆ ಬಿಲ್ಡರ್ ನೋಡಿಕೊಳ್ಳಬೇಕು ಅಂತ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಹೇಳುತ್ತದೆ. ಹೆಸರಿನ ಪ್ರಶ್ನೆ ಬಿಲ್ಡರ್ ಜೊತೆ ಬರುತ್ತದೆ. ಕಟ್ಟಡದ ಹೆಸರಿನಲ್ಲಿ ಅವರ ಬ್ರಾಂಡ್ ಇರುತ್ತದೆ, ಅದನ್ನು ಅವರು ಟ್ರೇಡ್ ಮಾರ್ಕ್ ಮಾಡಿಸಿರುತ್ತಾರೆ. ಸಂಘ ಅದನ್ನು ಬಳಸಬಹುದಾ? ನಾವು ಇರುವ ಜಾಗ ಇದು ಅಂತ ಪ್ರಾಮಾಣಿಕವಾಗಿ ಸೂಚಿಸುವುದಕ್ಕೆ ಟ್ರೇಡ್ ಮಾರ್ಕ್ ಕಾಯ್ದೆಯ 30 ಮತ್ತು 35ನೇ ಸೆಕ್ಷನ್‌ಗಳಲ್ಲಿ ಜಾಗ ಇದೆ. ಆದರೆ ಬಿಲ್ಡರ್‌ನ ಲೋಗೊ ಹಾಕಿಕೊಂಡು ಜಾಹೀರಾತು ಕೊಡುವುದಕ್ಕೆ ಇಲ್ಲ.

ಉಲ್ಟಾ ಪ್ರಶ್ನೆಯೂ ಉಂಟು. ಬ್ರಾಂಡ್ ಹೆಸರು ಬೇಡ ಅಂದರೆ ಮಾಲೀಕರು ತೆಗೆಯಬಹುದಾ? ಮನೆಮಾಲೀಕರ ಸಂಘಗಳು ತುಂಬಾ ಗಟ್ಟಿಯಾಗಿರುವ ಅಮೆರಿಕದಲ್ಲಿ ಇದು ಕೋರ್ಟಿಗೇ ಹೋಗಿತ್ತು. ನ್ಯೂಯಾರ್ಕಿನ 200 ರಿವರ್‌ಸೈಡ್ ಬುಲೆವಾರ್ಡ್ ಕಟ್ಟಡದ ಮೇಲೆ ‘ಟ್ರಂಪ್ ಪ್ಲೇಸ್’ ಅಂತ ದೊಡ್ಡ ಅಕ್ಷರ ಇತ್ತು. 2000ದಲ್ಲಿ ಒಂದು ಡಾಲರ್‌ಗೆ ಆ ಹೆಸರು ಬಳಸುವ ಪರವಾನಗಿ ಒಪ್ಪಂದ ಆಗಿತ್ತು. ಹೆಸರು ತೆಗೆದರೆ ಒಪ್ಪಂದ ಮುರಿದಂತೆ ಅಂತ ಟ್ರಂಪ್ ಕಂಪನಿ ಹೇಳಿತು. 2018ರ ಮೇ ತಿಂಗಳಲ್ಲಿ ಅಲ್ಲಿನ ಕೋರ್ಟು ಮಾಲೀಕರ ಪರ ತೀರ್ಪು ಕೊಟ್ಟಿತು. ಒಪ್ಪಂದ ಹೆಸರು ಬಳಸಲು ಬಿಡುತ್ತದೆ, ಬಳಸಲೇಬೇಕು ಅನ್ನುವುದಿಲ್ಲ ಅನ್ನುವುದು ಅದರ ಸಾರ. ಅದೇ ವರ್ಷ ಅಕ್ಟೋಬರಿನಲ್ಲಿ ಮಾಲೀಕರು ಮತ ಹಾಕಿ ಅಕ್ಷರಗಳನ್ನು ಇಳಿಸಿದರು. ನಮ್ಮಲ್ಲೂ ಸೇಲ್ ಡೀಡ್, ಘೋಷಣಾ ಪತ್ರ ಎರಡರಲ್ಲೂ ಹೆಸರಿನ ಬಗ್ಗೆ ಷರತ್ತು ಏನಿದೆ ಅಂತ ಓದಿ ಸಹಿ ಹಾಕುವುದು ಒಳ್ಳೆಯದು.

ಹಾಗಾದರೆ ಎಲ್ಲ ಸಂಘಗಳೂ ಟ್ರೇಡ್ ಮಾರ್ಕ್ ಮಾಡಿಸಬೇಕಾ? ಸಾಮಾನ್ಯ ಬಡಾವಣೆ ಸಂಘಕ್ಕೆ ಬೇಡ ಅಂತಲೇ ಹೇಳುತ್ತೇನೆ. ಆನ್‌ಲೈನ್ ಅರ್ಜಿಗೆ ಸರಕು ಅಥವಾ ಸೇವೆಯ ಒಂದು ವರ್ಗಕ್ಕೆ 9,000 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ನವೀಕರಣ. ಬರೀ ಸ್ಥಳದ ಹೆಸರಾದರೆ ಆಕ್ಷೇಪಣೆ ಬರುವುದು ಗ್ಯಾರಂಟಿ. ಸಂಘ ಸ್ವಂತ ಕ್ಲಬ್ಬು, ಸಮುದಾಯ ಭವನ ನಡೆಸುತ್ತಿದ್ದರೆ, ವಿಶಿಷ್ಟ ಲೋಗೊ ಇದ್ದರೆ ಲೋಗೊಗೆ ಮಾಡಿಸಬಹುದು. ಸದಸ್ಯರೆಲ್ಲ ಬಳಸುವ ಸಾಮೂಹಿಕ ಗುರುತಿಗೂ ಕಾಯ್ದೆಯಲ್ಲಿ ಅವಕಾಶ ಇದೆ. ಲೋಗೊ ಅಂದ ಮೇಲೆ ಒಂದು ಮಾತು. ಕೆಲವು ಸಂಘಗಳ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಿಂಹದ ಲಾಂಛನ ರಾರಾಜಿಸುತ್ತಿರುತ್ತದೆ. ದಯವಿಟ್ಟು ತೆಗೆಯಿರಿ. ಲಾಂಛನದ ದುರ್ಬಳಕೆ ತಡೆಯಲು 1950ರ ಮತ್ತು 2005ರ ಎರಡು ಕಾಯ್ದೆಗಳು ಇವೆ.

ವಾಟ್ಸಾಪ್ ಗುಂಪಿನ ಅಡ್ಮಿನ್ ಆಗಿರುವುದರಿಂದ ಸಂಘದ ಹೆಸರಿನ ಮೇಲೆ ಯಾವ ಹಕ್ಕೂ ಬರುವುದಿಲ್ಲ. ವೆಬ್ ವಿಳಾಸದ ಮಾತು ಸ್ವಲ್ಪ ಬೇರೆ. 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಡೊಮೈನ್ ಹೆಸರಿಗೂ ಪಾಸಿಂಗ್ ಆಫ್ ರಕ್ಷಣೆ ಇದೆ ಎಂದಿದೆ. ಡೊಮೈನನ್ನು ಯಾರದೋ ಮಗನ ಹೆಸರಿನಲ್ಲಿ ಕೊಳ್ಳುವ ಬದಲು ಸಂಘದ ಹೆಸರಿನಲ್ಲೇ ಕೊಂಡರೆ ಆ ಪ್ರಶ್ನೆಯೇ ಏಳುವುದಿಲ್ಲ.

ಪ್ರತಿಸ್ಪರ್ಧಿ ಸಂಘ ಹುಟ್ಟಿದ್ದು ಗೊತ್ತಾದ ತಕ್ಷಣ ಮಾಡಬೇಕಾದ್ದು ಆಡಳಿತ ಮಂಡಳಿಯ ಒಂದು ಠರಾವು, ನೋಂದಣಾಧಿಕಾರಿಗೆ ಲಿಖಿತ ಆಕ್ಷೇಪಣೆ, ಎದುರಿನವರಿಗೆ ವಕೀಲರ ನೋಟಿಸು, ಬ್ಯಾಂಕಿಗೂ ನಗರಸಭೆಗೂ ಒಂದೊಂದು ಪತ್ರ. ಸಾಧ್ಯವಾದರೆ ಸ್ಥಳೀಯ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ. ಎದುರಿನವರು ಹೆಸರಿನಲ್ಲಿ ‘ಪೂರ್ವ’, ‘2ನೇ ಹಂತ’, ಸ್ಥಾಪನೆಯಾದ ವರ್ಷ ಹೀಗೆ ಎದ್ದು ಕಾಣುವ ಬದಲಾವಣೆಗೆ ಒಪ್ಪಿದರೆ ರಾಜಿ ಮಾಡಿಕೊಳ್ಳುವುದೇ ಲೇಸು. ಒಂದು ಬಡಾವಣೆಗೆ ಒಂದೇ ಸಂಘ ಇರಬೇಕು ಅಂತ 1960ರ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಒಪ್ಪದಿದ್ದರೆ ಕೋರ್ಟಿಗೆ ಬೇಗ ಹೋಗಬೇಕು. ತಾತ್ಕಾಲಿಕ ತಡೆಯಾಜ್ಞೆ ಕೇಳಿದಾಗ ನ್ಯಾಯಾಧೀಶರು ಮೊದಲು ನೋಡುವ ಸಂಗತಿಗಳಲ್ಲಿ, ಗೊತ್ತಾದ ಮೇಲೆ ಎಷ್ಟು ದಿನ ಸುಮ್ಮನಿದ್ದಿರಿ ಅನ್ನೋದೂ ಒಂದು. ಐದಾರು ಗಣೇಶೋತ್ಸವ ಎರಡೂ ಸಂಘದವರು ಒಂದೇ ಪೆಂಡಾಲಿನಲ್ಲಿ ಪ್ರಸಾದ ಹಂಚಿಕೊಂಡು, ಸಿಎ ನಿವೇಶನದ ಅರ್ಜಿ ಕರೆದ ವಾರ ‘ಹೆಸರು ಕದ್ದರು’ ಅಂತ ಹೋದರೆ ತಡೆಯಾಜ್ಞೆ ಸಿಗುವುದು ಕಷ್ಟ.